ನೊಗ ಇಳಿಸುವ ಹೊತ್ತು

ಹಗಲೆಲ್ಲಾ ಎತ್ತುಗಳನ್ನು ಹೂಡಿದ ಒಕ್ಕಲಿಗನು ಸಂಜೆಗೆ ಅವುಗಳ ನೊಗವನ್ನಿಳಿಸಿ ಮೇವು ನೀರು ಕೊಡುತ್ತಾನೆ. ಆದರೆ ತನ್ನ ನೊಗವನ್ನು ಇಳಿಸುವ ಹೊತ್ತು ಯಾವದೆಂದು ನಮ್ಮಲ್ಲಿ ಅನೇಕರು ಅರಿಯರು. ಕೆಲಸವು ಈಗ ಮೊಬೈಲಿನ ಮೂಲಕ ಊಟದ ಎಲೆಯ ಬಳಿಗೂ ಹಾಸಿಗೆಯ ಬಳಿಗೂ ಬರುತ್ತದೆ.

ಇದರಿಂದುಂಟಾಗುವ ದಣಿವನ್ನು ಸೋಮಾರಿತನವೆಂದು ಹಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ರೋಗವೆಂದು ಎಣಿಸದೆ, ಉದ್ಯೋಗದಿಂದ ಹುಟ್ಟುವ ಅವಸ್ಥೆಯೆಂದು ವಿವರಿಸಿತು. ಅದರ ಗುರುತುಗಳು ಮೂರು: ಶಕ್ತಿಯು ಬತ್ತಿಹೋಗುವದು, ಕೆಲಸದ ಮೇಲೆ ಜಿಗುಪ್ಸೆ ಹುಟ್ಟುವದು, ಸಾಮರ್ಥ್ಯವು ಕುಂದುವದು. ಇದಲ್ಲದೆ ಆ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಒಂದು ಅಂದಾಜನ್ನು ಪ್ರಕಟಿಸಿದವು. ವಾರಕ್ಕೆ 35ರಿಂದ 40 ತಾಸು ದುಡಿಯುವವರಿಗಿಂತ 55 ತಾಸು ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯವು ನೂರಕ್ಕೆ 35ರಷ್ಟು ಅಧಿಕವೆಂಬದೇ ಅದು.

ಹಾಗಾದರೆ ನಾವು ಮಾಡತಕ್ಕದ್ದೇನು?

1. ದಿನದಲ್ಲಿ ಒಂದು ಹೊತ್ತನ್ನು ನಮ್ಮದೆಂದು ಗೊತ್ತುಮಾಡಿ, ಕೆಲಸ ಕೊಟ್ಟವರಿಗೂ ಜೊತೆಗಾರರಿಗೂ ಮುಂಚೆಯೇ ತಿಳಿಸೋಣ.

2. ಆ ಹೊತ್ತಿನಲ್ಲಿ ಮೊಬೈಲನ್ನು ಗೋಡೆಯ ಗೂಡಿನಲ್ಲಿಡೋಣ.

3. ಹೊರೆಯು ಬಲಕ್ಕೆ ಮೀರಿದ್ದರೆ ಅದನ್ನು ತಗ್ಗಿಸಬೇಕೆಂದು ಎಲ್ಲರೂ ಕೂಡಿ ಕೇಳೋಣ. ಯಾಕಂದರೆ ಹೊರೆಯು ಇಳಿಯದೆ ಬರೀ ವಿಶ್ರಾಂತಿಯು ಸಾಲದು.

ತಂದೆಯು ಮನೆಯಲ್ಲಿದ್ದೂ ಮಾತಿಗೆ ಸಿಕ್ಕದೆ ಹೋದ ಸಂಜೆಗಳನ್ನು ಯಾವ ಸಂಬಳವೂ ಮಕ್ಕಳಿಗೆ ತಿರುಗಿ ಕೊಡಲಾರದು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆ: ಈ ಸಂಜೆ ನಮ್ಮ ನೊಗವು ಎಷ್ಟು ಗಂಟೆಗೆ ಇಳಿಯುವದು?