ಸ್ವೇದನಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆ

ಎರಡು ವರ್ಷಗಳ ಹಿಂದೆ ಮೊಣಕಾಲು ನೋವೆಂದು ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ರಕ್ತದೊತ್ತಡ, ಮಧುಮೇಹಗಳನ್ನು ವಿಚಾರಿಸಿ ಅಭ್ಯಂಗ ಹಾಗೂ ಹಬೆಪೆಟ್ಟಿಗೆಯ ಸ್ವೇದನವನ್ನು ಸೂಚಿಸಿದೆವು. ಮೂರನೆಯ ದಿನ ಅವರ ಎಡಗೈಯ ಬಳೆಗಳು ಬಿಗಿಯಾಗಿದ್ದವು. ವಿಚಾರಿಸಲಾಗಿ, ಆರು ವರ್ಷಗಳ ಹಿಂದೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಎಡ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಿದ್ದರೆಂದು ತಿಳಿಯಿತು. “ಅದು ವಾಸಿಯಾಯಿತಲ್ಲ ಡಾಕ್ಟರೇ, ಮೊಣಕಾಲಿಗೂ ಅದಕ್ಕೂ ಏನು ಸಂಬಂಧ ಎಂದು ಹೇಳಲಿಲ್ಲ” ಎಂದರು. ಹೇಳದಿದ್ದುದು ಅವರ ತಪ್ಪಲ್ಲ. ಕೇಳದಿದ್ದುದು ನಮ್ಮ ತಪ್ಪು.

ಸಂಬಂಧ ಹೀಗಿದೆ. ರಕ್ತನಾಳಗಳಿಂದ ಜಿನುಗುವ ದ್ರವದ ಒಂದು ಪಾಲು ದುಗ್ಧರಸವಾಗಿ ಸೂಕ್ಷ್ಮ ನಾಳಗಳಲ್ಲಿ ಹರಿದು, ಗ್ರಂಥಿಗಳಲ್ಲಿ ಸೋಸಿ, ಮರಳಿ ರಕ್ತವನ್ನು ಸೇರುತ್ತದೆ. ಕಂಕುಳಿನಲ್ಲಿ ಸಾಮಾನ್ಯವಾಗಿ 20ರಿಂದ 30 ಗ್ರಂಥಿಗಳಿರುತ್ತವೆ. ಅವುಗಳನ್ನು ತೆಗೆದಾಗ ದ್ರವ ಹೊರಹೋಗುವ ದಾರಿ ಕಿರಿದಾಗುತ್ತದೆ. ವಿಕಿರಣ ಚಿಕಿತ್ಸೆಯೂ ಆಗಿದ್ದರೆ ಇನ್ನಷ್ಟು ಕಿರಿದು. ಕಾವಿನಿಂದ ರಕ್ತನಾಳಗಳು ಹಿಗ್ಗಿ ದ್ರವ ಹೆಚ್ಚು ಜಿನುಗುತ್ತದೆ. ತೂಬು ಅರ್ಧ ಮುಚ್ಚಿದ ಕೆರೆಗೆ ನೀರು ತುಂಬಿಸಿದಂತೆ ಕೈ ಬಾತುಕೊಳ್ಳುತ್ತದೆ. ಇದೇ ಲಿಂಫೆಡಿಮಾ. ಶಸ್ತ್ರಚಿಕಿತ್ಸೆಯಾಗಿ ವರ್ಷಗಳು ಕಳೆದ ಮೇಲೂ ಇದು ಕಾಣಿಸಿಕೊಳ್ಳಬಹುದು. ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದಿದ್ದರೆ ಅಪಾಯ ಕಡಿಮೆ, ಇಲ್ಲವೆಂದಲ್ಲ. ತೊಡೆಸಂದಿನ ಗ್ರಂಥಿಗಳನ್ನು ತೆಗೆದವರಿಗೆ ಕಾಲಿನಲ್ಲಿ ಇದೇ ತೊಂದರೆ. ಸ್ತನ ಕ್ಯಾನ್ಸರಿನಿಂದ ಗುಣಮುಖರಾದವರನ್ನು ಕುರಿತು 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸೌನಾ ಬಳಕೆಗೂ ಕೈಬಾವಿಗೂ ನಂಟು ಕಂಡುಬಂದಿದೆ.

ಸ್ವೇದನವನ್ನು ಕೊಟ್ಟ ಶಾಸ್ತ್ರವೇ ಅದರ ಮಿತಿಯನ್ನೂ ಹೇಳಿದೆ. ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯವು ಹದಿಮೂರು ಬಗೆಯ ಅಗ್ನಿಸ್ವೇದಗಳನ್ನು ವಿವರಿಸುವುದರೊಂದಿಗೆ ಯಾರಿಗೆ ಸ್ವೇದನ ಸಲ್ಲದೆಂಬುದನ್ನೂ ತಿಳಿಸುತ್ತದೆ. ಕಣ್ಣು, ಹೃದಯಗಳಿಗೆ ಮೃದುವಾದ ಕಾವು ಸಾಕು, ಇಲ್ಲವೇ ಬೇಡವೇ ಬೇಡ ಎನ್ನುತ್ತದೆ. ಎಲ್ಲ ಅಂಗಕ್ಕೂ ಒಂದೇ ಕಾವು ಸಲ್ಲದೆಂಬ ಆ ವಿವೇಕವನ್ನೇ ಗ್ರಂಥಿ ಕಳೆದುಕೊಂಡ ಕೈಗೂ ಅನ್ವಯಿಸಬೇಕೆಂಬುದು ನಮ್ಮ ಅಭಿಪ್ರಾಯ.

ಪಾಲಿಸಬೇಕಾದ ಎಚ್ಚರಗಳು

1. ಕೈಯಲ್ಲಿ ಈಗಾಗಲೇ ಬಾವು, ಗಾಯ ಅಥವಾ ಸೋಂಕು ಇದ್ದರೆ, ಗಾಯ ಪೂರ್ಣ ಮಾಗದಿದ್ದರೆ, ವಿಕಿರಣ ಚಿಕಿತ್ಸೆ ನಡೆಯುತ್ತಿದ್ದರೆ ಸೌನಾ, ಹಬೆಕೋಣೆ, ಹಬೆಪೆಟ್ಟಿಗೆ ಯಾವುದೂ ಬೇಡ.

2. ಬಾವಿಲ್ಲದವರೂ ಕ್ಯಾನ್ಸರ್ ತಜ್ಞರ ಅನುಮತಿ ಪಡೆದೇ ಹೋಗಬೇಕು. ಮೊದಲು ಐದು ನಿಮಿಷ ಸಾಕು; ಮರುದಿನ ಕೈಯನ್ನು ನೋಡಿಕೊಂಡು ಮುಂದುವರಿಯಬೇಕು. ಯಾವಾಗಲೂ 15 ನಿಮಿಷ ಮೀರಬಾರದು. ಪೆಟ್ಟಿಗೆಯಲ್ಲಿ ಸಾಧ್ಯವಾದರೆ ಆ ಕೈಯನ್ನು ಹೊರಗಿಡಬೇಕು.

3. ಅಭ್ಯಂಗದಲ್ಲಿ ಆ ಕೈಯನ್ನು ಬಲವಾಗಿ ತಿಕ್ಕಿಸಿಕೊಳ್ಳಬಾರದು.

4. ಭುಜ ಹಿಡಿದುಕೊಂಡಿದೆಯೆಂದು ಉಪ್ಪಿನ ಗಂಟಿನ ಶಾಖವನ್ನಾಗಲಿ, ಬಿಸಿನೀರಿನ ಚೀಲವನ್ನಾಗಲಿ ಆ ಭಾಗಕ್ಕೆ ಕೊಡಬಾರದು. ಶಸ್ತ್ರಚಿಕಿತ್ಸೆಯ ನಂತರ ಕಂಕುಳು, ಮೇಲ್ತೋಳುಗಳ ಸ್ಪರ್ಶಜ್ಞಾನ ಕುಂದಿರಬಹುದು, ಸುಟ್ಟರೂ ತಿಳಿಯದು. ಸ್ನಾನದ ನೀರನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿ, ಉಗುರುಬೆಚ್ಚಗಿರಲಿ.

ಬಳೆ, ಉಂಗುರ ಅಥವಾ ರವಿಕೆಯ ತೋಳು ಬಿಗಿಯಾಗುವುದು, ಕೈ ಭಾರವೆನಿಸುವುದು ಬಾವಿನ ಮೊದಲ ಸೂಚನೆಗಳು. ಆಗ ಕಾವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದು ಸೋಂಕು; ಅಂದೇ ಆಸ್ಪತ್ರೆಗೆ ಹೋಗಬೇಕು. ಕಷಾಯ, ಲೇಪಗಳಲ್ಲಿ ಕಾಲ ಕಳೆಯುವುದು ಸಲ್ಲದು.

ಆ ತಾಯಿಯ ಸ್ವೇದನವನ್ನು ನಿಲ್ಲಿಸಿ, ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಕಳುಹಿಸಿದೆವು. ವ್ಯಾಯಾಮ, ಒತ್ತುತೋಳುಗಳಿಂದ ಬಾವು ಬಹುಪಾಲು ಇಳಿಯಿತು, ಪೂರ್ಣವಾಗಿ ಅಲ್ಲ. ಮೊಣಕಾಲಿಗೆ ಆ ಭಾಗಕ್ಕಷ್ಟೇ ಸೀಮಿತವಾದ ಜಾನುಬಸ್ತಿ ಸಾಕಾಯಿತು. ಅದನ್ನು ಮೊದಲೇ ಮಾಡಬಹುದಿತ್ತು.

ಅಂದಿನಿಂದ ನಮ್ಮ ಚೀಟಿಯಲ್ಲಿ ಒಂದು ಪ್ರಶ್ನೆ ಸೇರಿದೆ: “ಹಿಂದೆ ಯಾವುದಾದರೂ ಗ್ರಂಥಿ ತೆಗೆಸಿದ್ದೀರಾ?” ಯಾವ ಚಿಕಿತ್ಸಾಲಯದಲ್ಲಾದರೂ ಈ ಪ್ರಶ್ನೆ ಬಾರದಿದ್ದರೆ, ಸಂಕೋಚಪಡದೆ ತಾವೇ ಮುಂದಾಗಿ ಹೇಳಬೇಕು. ಸದ್ಭಕ್ತರು ತಮ್ಮ ಮನೆಯ ತಾಯಂದಿರಿಗೂ ಈ ಮಾತನ್ನು ತಿಳಿಸಬೇಕಾಗಿ ನಮ್ಮ ವಿನಂತಿ.