ಶುಗರ್ ಇರುವ ಮನೆಯ ಐದು ಚಿತ್ರಗಳು



ನಿಮ್ಮ ಮನೆಯ ಫೋಟೋ ಆಲ್ಬಮ್ಮನ್ನು ಇಂದು ಸಂಜೆ ಒಮ್ಮೆ ತೆರೆದು ನೋಡಿ. ಮಗುವಿನ ದೀಕ್ಷಾಸ್ನಾನ, ಪ್ರಥಮ ಪರಮಪ್ರಸಾದ, ಅಕ್ಕನ ಮದುವೆ, ಧರ್ಮಕೇಂದ್ರದ ಹಬ್ಬ. ಎಲ್ಲರ ಮೈಮೇಲೂ ಹೊಸ ಬಟ್ಟೆ, ಎಲ್ಲರ ಮುಖದಲ್ಲೂ ನಗು. ಅದೇ ಮನೆಯಲ್ಲಿ ಅಪ್ಪ ಹತ್ತು ವರ್ಷಗಳಿಂದ ಶುಗರ್ ಮಾತ್ರೆ ನುಂಗುತ್ತಿರಬಹುದು. ಅಜ್ಜಿ ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗಿಬರುತ್ತಿರಬಹುದು. ಆಲ್ಬಮ್ಮಿನಲ್ಲಿ ಅದರ ಗುರುತು ಎಲ್ಲಿಯೂ ಸಿಗುವುದಿಲ್ಲ. ಹಬ್ಬದ ದಿನಗಳ ಚಿತ್ರವನ್ನು ಮಾತ್ರ ತೆಗೆದಿದ್ದೇವೆ; ಉಳಿದ ದಿನಗಳನ್ನು ಬಿಟ್ಟಿದ್ದೇವೆ.

ಸಕ್ಕರೆ ಕಾಯಿಲೆ ಆ ಉಳಿದ ದಿನಗಳ ಕಾಯಿಲೆ. ಕೈ ಮುರಿದವನ ಕಟ್ಟು ಎಲ್ಲರಿಗೂ ಕಾಣುತ್ತದೆ. ಶುಗರ್ ಇದ್ದವನು ನೋಡಲು ಎಲ್ಲರಂತೆಯೇ ಇರುತ್ತಾನೆ. ಆದುದರಿಂದಲೇ ಮನೆಯವರು ಮರೆಯುತ್ತಾರೆ, ಕೆಲವೊಮ್ಮೆ ರೋಗಿಯೂ ಮರೆಯುತ್ತಾನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ನಮ್ಮ ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ‘ಇದು ಪೇಟೆಯ ಸಿರಿವಂತರ ರೋಗ’ ಎಂಬ ಮಾತು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಳ್ಳಿಗಳಲ್ಲಿಯೂ ಇನ್ನು ಸಲ್ಲದು.

ಕಾಣದ ಈ ಕಾಯಿಲೆಯನ್ನು ಕಾಣುವಂತೆ ಮಾಡುವ ಒಂದು ಸಾಧನ ಈಗ ಬಹುತೇಕ ಮನೆಗಳಲ್ಲಿದೆ. ಅದು ಮೊಬೈಲಿನ ಕ್ಯಾಮೆರಾ. ಅದನ್ನು ಹೇಗೆ ಬಳಸಬೇಕು ಎಂಬುದೇ ಈ ವಾರದ ಪಾಠ.

ಯಾರು ನೋಡುವವರು?

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊಟ್ಟಮೊದಲು ಇನ್ಸುಲಿನ್ ಚುಚ್ಚಲಾಯಿತು. ಅದಕ್ಕೆ ಮೊದಲು ಈ ರೋಗ ತಗುಲಿದ ಮಕ್ಕಳು ಬದುಕುತ್ತಿದ್ದುದು ವರ್ಷವೋ ಎರಡು ವರ್ಷವೋ ಅಷ್ಟೆ. ಆ ಕಾಲದ ವೈದ್ಯರು ಕೆಲವು ಮಕ್ಕಳ ಎರಡೆರಡು ಚಿತ್ರಗಳನ್ನು ತೆಗೆಸಿಟ್ಟರು. ಒಂದರಲ್ಲಿ ಎಲುಬಿನ ಗೂಡಿನಂತಹ ಮಗು. ಕೆಲವೇ ತಿಂಗಳ ನಂತರದ ಇನ್ನೊಂದರಲ್ಲಿ ಕೆನ್ನೆ ತುಂಬಿದ ಅದೇ ಮಗು. ಸಾವಿರ ಮಾತು ಹೇಳಲಾಗದ್ದನ್ನು ಆ ಚಿತ್ರಗಳು ಲೋಕಕ್ಕೆ ಹೇಳಿದವು.

ಆದರೆ ಅಲ್ಲಿ ಕ್ಯಾಮೆರಾ ಇದ್ದದ್ದು ಬೇರೆಯವರ ಕೈಯಲ್ಲಿ. 1990ರ ದಶಕದ ಆರಂಭದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಎಂಬಿಬ್ಬರು ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿಯ ಹೆಂಗಸರ ಕೈಗೇ ಕ್ಯಾಮೆರಾ ಕೊಟ್ಟರು. ತಮ್ಮ ದಿನನಿತ್ಯದ ಬದುಕನ್ನು ಆ ಹೆಂಗಸರೇ ಚಿತ್ರ ತೆಗೆದರು, ಕೂಡಿ ಕುಳಿತು ಚರ್ಚಿಸಿದರು, ಅಧಿಕಾರಿಗಳಿಗೆ ತೋರಿಸಿದರು. ಈ ಕ್ರಮಕ್ಕೆ ‘ಫೋಟೋವಾಯ್ಸ್’ ಎಂಬ ಹೆಸರು ಬಂದಿತು. ರೋಗಿ ಇಲ್ಲಿ ನೋಡಿಸಿಕೊಳ್ಳುವವನಲ್ಲ, ತಾನೇ ನೋಡುವವನು. ಈ ವ್ಯತ್ಯಾಸ ಸಣ್ಣದಲ್ಲ.

ತೆಗೆಯಬೇಕಾದ ಚಿತ್ರಗಳು

ಒಂದು: ಊಟದ ತಟ್ಟೆ. ಮೂರು ದಿನ, ಮೂರು ಹೊತ್ತು, ಬಡಿಸಿದ ಮೇಲೆ ಕೈ ಇಡುವ ಮೊದಲು ಒಂದು ಚಿತ್ರ ತೆಗೆಯಿರಿ. ‘ಡಾಕ್ಟ್ರೇ, ನಾನು ತಿನ್ನುವುದೇ ಸ್ವಲ್ಪ’ ಎನ್ನುವವರ ತಟ್ಟೆಯಲ್ಲಿ ಅನ್ನದ ಗುಡ್ಡೆ ಎಷ್ಟು ಎತ್ತರ, ಪಲ್ಯ ಎಷ್ಟು ಮೂಲೆಗೆ ಎಂಬುದು ಆಗ ತಿಳಿಯುತ್ತದೆ. ಅನ್ನ ಬಿಟ್ಟು ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆಯೂ ಸರಿಯಲ್ಲ; ರಾಗಿಯಲ್ಲಿಯೂ ಪಿಷ್ಟವಿದೆ, ಅಳತೆ ಅದಕ್ಕೂ ಬೇಕು. ತಟ್ಟೆಯ ಅರ್ಧ ಭಾಗ ತರಕಾರಿ ಸೊಪ್ಪು, ಕಾಲು ಭಾಗ ಬೇಳೆಕಾಳು, ಕಾಲು ಭಾಗ ಅನ್ನ ಅಥವಾ ಮುದ್ದೆ ಅಥವಾ ರೊಟ್ಟಿ ಎಂಬುದು ನೆನಪಿಡಲು ಸುಲಭವಾದ ಲೆಕ್ಕ.

ಎರಡು: ಪಾದ ಮತ್ತು ಚಪ್ಪಲಿ. ಬಹುಕಾಲ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಮರಗಟ್ಟುತ್ತವೆ. ಜಗಳೂರಿನ ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿದರೂ ಅರಿವಾಗುವುದಿಲ್ಲ. ನೋವಿಲ್ಲದ ಗಾಯವನ್ನು ಯಾರೂ ನೋಡುವುದಿಲ್ಲ. ಕೀವು ತುಂಬಿದ ಮೇಲೆ ಬೆರಳೋ ಕಾಲೋ ಹೋಗುತ್ತದೆ. ಬಗ್ಗಿ ಅಂಗಾಲು ನೋಡಿಕೊಳ್ಳಲಾಗದ ಹಿರಿಯರ ಅಂಗಾಲಿನ ಚಿತ್ರವನ್ನು ಮೊಮ್ಮಗಳು ತೆಗೆದು ತೋರಿಸಲಿ. ಪಕ್ಕದಲ್ಲಿ ಅವರ ಚಪ್ಪಲಿಯ ಚಿತ್ರವೂ ಇರಲಿ. ಅಟ್ಟೆ ಸವೆದು ಮೊಳೆ ಎದ್ದಿರುವುದು ಆಗಲೇ ಕಣ್ಣಿಗೆ ಬೀಳುವುದು.

ಮೂರು: ಕೆಲಸದ ಹೊತ್ತು. ಚನ್ನಗಿರಿಯ ಕಡೆ ಅಡಿಕೆ ಸುಗ್ಗಿಯಲ್ಲಿ ಅಡಿಕೆ ಸುಲಿಯುವ ತಾಯಂದಿರು ಗಂಟೆಗಟ್ಟಲೆ ಕುಳಿತೇ ಇರುತ್ತಾರೆ. ಊಟದ ವೇಳೆ ಹಿಂದೆಮುಂದಾಗುತ್ತದೆ. ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜು ಬಂದರೆ ಕೂಡಲೇ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. 108ಕ್ಕೆ ಕರೆ ಮಾಡಿ. ಕೆಲಸದ ಜಾಗ, ಗಡಿಯಾರ, ಬುತ್ತಿ ಮೂರನ್ನೂ ಒಂದೇ ಚಿತ್ರದಲ್ಲಿ ತೆಗೆದರೆ, ತಡವಾಗುವುದು ಎಲ್ಲಿ ಎಂಬುದು ತಿಳಿಯುತ್ತದೆ.

ನಾಲ್ಕು: ಔಷಧಿ ಇಡುವ ಜಾಗ. ಇದು ಎಲ್ಲಕ್ಕಿಂತ ಕಷ್ಟದ ಚಿತ್ರ. ಎಷ್ಟೋ ಮನೆಗಳಲ್ಲಿ ಸಿರಿಂಜು ಹಿಟ್ಟಿನ ಡಬ್ಬಿಯ ಹಿಂದೆ ಅಡಗಿರುತ್ತದೆ. ‘ಮಗಳಿಗೆ ಇಂಜೆಕ್ಷನ್ ಎಂದು ಊರಿಗೆ ತಿಳಿದರೆ ಮದುವೆ ಹೇಗೆ?’ ಎಂಬ ಭಯ ತಂದೆತಾಯಿಯರದು. ಆ ಭಯದಿಂದ ಬಂಧುಗಳ ಮನೆಯಲ್ಲಿ ಒಂದೆರಡು ದಿನ ಇನ್ಸುಲಿನ್ ತಪ್ಪಿಸಿದರೆ ಅಂಥ ಮಗುವಿನ ಜೀವಕ್ಕೇ ಅಪಾಯ. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಮೊದಲ ಬಗೆಯ ಮಧುಮೇಹಕ್ಕೆ ಮಾತ್ರೆಯಾಗಲಿ ಸೊಪ್ಪಿನ ರಸವಾಗಲಿ ಇನ್ಸುಲಿನ್ನಿಗೆ ಬದಲಾಗಲಾರದು. ಫ್ರಿಜ್ ಇಲ್ಲದ ಮನೆಯವರು ಬಿಸಿಲುಕಾಲದಲ್ಲಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೀರು ತುಂಬಿದ ಮಡಕೆಯ ತಂಪಿನಲ್ಲಿ ಇಡುವುದುಂಟು. ಆ ಮಡಕೆಯ ಚಿತ್ರವನ್ನೂ ತೆಗೆಯಿರಿ. ನಾಚಿಕೆಪಡುವಂಥದ್ದು ಅದರಲ್ಲಿ ಏನಿದೆ? ಒಂದು ಜೀವವನ್ನು ಕಾಯುತ್ತಿರುವ ಮಡಕೆ ಅದು.

ಐದು: ಭಾನುವಾರದ ಬೆಳಗು. ಬಲಿಪೂಜೆಗೆ ಹೊರಡುವ ಮೊದಲು ಅಡಿಗೆಮನೆಯ ಒಲೆ ತಣ್ಣಗಿದೆಯೆ? ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲಿನಿಂದ ನೀರು ಮತ್ತು ಔಷಧಿ ಬಿಟ್ಟು ಬೇರೇನೂ ಸೇವಿಸಬಾರದೆಂಬ ನಿಯಮವಿದೆ ನಿಜ. ಆದರೆ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ನಿಯಮವೇ ವೃದ್ಧರಿಗೂ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ಇದರಿಂದ ವಿನಾಯಿತಿ ಕೊಟ್ಟಿದೆ. ಖಾಲಿ ಹೊಟ್ಟೆಯಲ್ಲಿ ಬಂದು ದೇವಾಲಯದ ಬೆಂಚಿನಲ್ಲಿ ತಲೆ ತಿರುಗಿ ಬೀಳುವುದು ಭಕ್ತಿಯ ಗುರುತಲ್ಲ. ತಪಸ್ಸುಕಾಲದ ಉಪವಾಸವೂ ರೋಗಿಗಳಿಗೆ ಕಡ್ಡಾಯವಲ್ಲ. ಜೇಬಿನಲ್ಲಿ ನಾಲ್ಕು ಕಲ್ಲುಸಕ್ಕರೆ ಇಟ್ಟುಕೊಂಡು ಬನ್ನಿ.

ಚಿತ್ರದ ಮುಂದೆ ಕುಳಿತು

ಚಿತ್ರ ತೆಗೆದು ಸುಮ್ಮನಾದರೆ ಪಾಠ ಅರ್ಧವಾಯಿತು. ವಾರದ ಕೊನೆಗೆ ಮನೆಮಂದಿಯೆಲ್ಲ ಕುಳಿತು ಪ್ರತಿ ಚಿತ್ರಕ್ಕೂ ನಾಲ್ಕು ಪ್ರಶ್ನೆ ಕೇಳಿ: ಇಲ್ಲಿ ಏನು ಕಾಣುತ್ತಿದೆ? ನಿಜವಾಗಿ ಏನು ನಡೆಯುತ್ತಿದೆ? ಹೀಗೇಕಾಯಿತು? ನಾವೇನು ಮಾಡಬಹುದು? ಮೊದಲು ಮಾತಾಡಬೇಕಾದವರು ಶುಗರ್ ಇರುವವರು. ಉಳಿದವರು ಬೈಯದೆ ಕೇಳಬೇಕು. ‘ನೀವು ಕದ್ದು ಲಾಡು ತಿಂದಿರಿ’ ಎಂದು ಹಿಡಿದು ತೋರಿಸಲು ಈ ಚಿತ್ರಗಳಲ್ಲ. ಹಾಗೆ ಮಾಡಿದರೆ ನಾಳೆ ಅವರು ಚಿತ್ರ ತೆಗೆಯುವುದಿಲ್ಲ, ತಿನ್ನುವುದನ್ನು ಬಿಡುವುದೂ ಇಲ್ಲ.

ಎರಡು ಎಚ್ಚರಿಕೆಗಳು. ಮೊದಲನೆಯದು, ರೋಗಿಯ ಒಪ್ಪಿಗೆಯಿಲ್ಲದೆ ಯಾವ ಚಿತ್ರವನ್ನೂ ತೆಗೆಯಬೇಡಿ, ಮತ್ತೊಬ್ಬರಿಗೆ ಕಳಿಸಬೇಡಿ; ಮಕ್ಕಳ ವಿಷಯದಲ್ಲಂತೂ ಇಮ್ಮಡಿ ಎಚ್ಚರ. ಎರಡನೆಯದು, ಚಿತ್ರ ಪರೀಕ್ಷೆಗೆ ಬದಲಲ್ಲ. ತಾಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಬಗ್ಗೆ ಕೇಳಿ. ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆಯನ್ನು ತೋರಿಸಿ. ಅದಕ್ಕೂ ಒಂದು ಕ್ಯಾಮೆರಾ ಇದೆ. ದೃಷ್ಟಿ ಮಸುಕಾಗುವ ಮೊದಲೇ ರಕ್ತನಾಳಗಳ ಹಾನಿಯನ್ನು ಅದು ಹಿಡಿದು ತೋರಿಸುತ್ತದೆ. ಹೋಗುವಾಗ ನಿಮ್ಮ ತಟ್ಟೆಯ, ಪಾದದ ಚಿತ್ರಗಳನ್ನೂ ಒಯ್ಯಿರಿ. ಎರಡೇ ನಿಮಿಷ ಸಿಗುವ ಕಡೆ ಅವು ನಿಮಗಿಂತ ಬೇಗ ಮಾತಾಡುತ್ತವೆ.

ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14ನ್ನು 1991ರಿಂದ ವಿಶ್ವ ಮಧುಮೇಹ ದಿನವಾಗಿ ಆಚರಿಸಲಾಗುತ್ತಿದೆ. ಆ ದಿನದವರೆಗೆ ಕಾಯಬೇಡಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ, ಅಪ್ಪನ ಅನುಮತಿ ಕೇಳಿ ಅವರ ತಟ್ಟೆಯ ಒಂದು ಚಿತ್ರ ತೆಗೆಯಿರಿ. ಊಟ ಮುಗಿದ ಮೇಲೆ ಅವರ ಪಾದಗಳ ಬಳಿ ಕುಳಿತು ಇನ್ನೊಂದು. ಎಷ್ಟು ವರ್ಷಗಳಿಂದ ಆ ಪಾದಗಳನ್ನು ಮನೆಯಲ್ಲಿ ಯಾರೂ ನೋಡಿಲ್ಲ ಎಂಬುದು ಆಗ ನಿಮಗೇ ತಿಳಿಯುವುದು.