ಇಳಿಸಿದ್ದು ಉಳಿಯಬೇಕಾದರೆ

ಪ್ರೀತಿಯ ಪುಟ್ಟಿ,

ಮೊನ್ನೆ ಗೃಹಪ್ರವೇಶದಲ್ಲಿ ಎಲ್ಲರೂ ಎಲೆಗೆ ಕೂತಿದ್ದಾಗ ನೀನು ಹಿತ್ತಲ ಕಟ್ಟೆಯ ಮೇಲೆ ಒಂದು ಲೋಟ ಮಜ್ಜಿಗೆ ಹಿಡಿದು ಕೂತಿದ್ದೆ. ಯಾಕೆ ಊಟಕ್ಕೆ ಬರಲಿಲ್ಲ ಅಂತ ಕೇಳಿದೆ. "ದೊಡ್ಡಮ್ಮ, ಮದುವೆಗೆ ಅಂತ 12 ಕಿಲೋ ಇಳಿಸಿದ್ದೆ. ಎರಡು ವರ್ಷದಲ್ಲಿ 14 ಬಂತು. ನನ್ನಲ್ಲೇ ಏನೋ ಊನ ಇದೆ" ಅಂದೆ. ಅಷ್ಟರಲ್ಲಿ ಯಾರೋ ಕುಂಕುಮಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು. ಮೈಸೂರಿಗೆ ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನಿನ್ನ ಆ ಮಾತೇ ನನ್ನನ್ನು ಕಾಡಿತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅನ್ನಿಸಿ ಬರೆಯುತ್ತಿದ್ದೇನೆ. ನಿನ್ನ ಒಪ್ಪಿಗೆ ಕೇಳಿಯೇ ಇದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಅದೇ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುವ ಹೆಣ್ಣುಮಕ್ಕಳು, ಗಂಡುಮಕ್ಕಳು ಬಹಳ ಇದ್ದಾರೆ.

ಮೊದಲು ಆ ಊನದ ಮಾತನ್ನು ತೆಗೆದುಹಾಕೋಣ. 1944ರ ನವೆಂಬರಿನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಇಟ್ಟುಕೊಂಡು ಒಂದು ಪ್ರಯೋಗ ಶುರುಮಾಡಿದರು. ಯುದ್ಧದಿಂದ ಹಸಿದು ಕಂಗಾಲಾದ ಜನರಿಗೆ ಮತ್ತೆ ಹೇಗೆ ಊಟ ಕೊಡಬೇಕು ಎಂದು ತಿಳಿಯುವುದು ಅವರ ಉದ್ದೇಶ. ಪ್ರಯೋಗಕ್ಕೆ ಬಂದವರು ಮನಸ್ಸಾಕ್ಷಿ ಒಪ್ಪದೆ ಬಂದೂಕು ಹಿಡಿಯಲು ನಿರಾಕರಿಸಿದ ಹುಡುಗರು. ಇಡೀ ದೇಶ ಯುದ್ಧದಲ್ಲಿದ್ದಾಗ ಹಾಗೆ ನಿಲ್ಲುವುದಕ್ಕೆ ಎಷ್ಟು ಮನೋಬಲ ಬೇಕು ಯೋಚಿಸು. ಅವರಿಗೆ ಮೂರು ತಿಂಗಳು ಸರಿಯಾದ ಊಟ ಹಾಕಿ, ಆಮೇಲೆ 24 ವಾರ ಅರೆಹೊಟ್ಟೆಯಲ್ಲಿ ಇರಿಸಿದರು. ದಿನಕ್ಕೆ ಸುಮಾರು 1,570 ಕ್ಯಾಲೊರಿ, ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ಮೈತೂಕದ ಸುಮಾರು ಕಾಲುಭಾಗ ಕರಗಿತು. ಅದರ ಜೊತೆಗೆ ಬೇರೆಯದೂ ಆಯಿತು. ಹುಡುಗರು ತಟ್ಟೆ ನೆಕ್ಕತೊಡಗಿದರು. ಅಡುಗೆ ಪುಸ್ತಕಗಳನ್ನು ಕೂಡಿಟ್ಟು ಓದತೊಡಗಿದರು. ಎದ್ದರೂ ಮಲಗಿದರೂ ಊಟದ್ದೇ ಧ್ಯಾನ. ಪ್ರಯೋಗ ಮುಗಿದ ಮೇಲೆ ಹೊಟ್ಟೆ ಬಿರಿಯುವಂತೆ ಉಂಡರೂ ಹಸಿವು ಆರಲಿಲ್ಲ. ಕೊನೆಗೆ ಮೈಗೆ ಕೊಬ್ಬು ಮೊದಲಿಗಿಂತ ಹೆಚ್ಚಾಗಿಯೇ ಬಂದು ಕೂತಿತು.

ಅವರು ಮೊದಲೇ ತೆಳ್ಳಗಿದ್ದವರು, ನಿನ್ನ ಮಾತು ಬೇರೆ ಎನ್ನಬಹುದು. ಆದರೆ ಮದುವೆಗೆ ಮುಂಚೆ ನಿನ್ನ ಫೋನು ನಿನಗೆ ಹೇಳುತ್ತಿದ್ದದ್ದು ದಿನಕ್ಕೆ 1,200 ಕ್ಯಾಲೊರಿ! ಆ ದಿನಗಳಲ್ಲಿ ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಬಿದ್ದುಕೊಂಡು ಬಿರಿಯಾನಿ ಮಾಡುವ ವಿಡಿಯೋ ನೋಡುತ್ತಿದ್ದೆಯಲ್ಲ, ಅದು ನಿನ್ನ ದೌರ್ಬಲ್ಯವಾಗಿರಲಿಲ್ಲ. ಆ ಹುಡುಗರ ಅಡುಗೆ ಪುಸ್ತಕವೇ ನಿನ್ನ ಕೈಗೆ ಬೇರೆ ರೂಪದಲ್ಲಿ ಬಂದಿತ್ತು.

ಕೆವಿನ್ ಹಾಲ್ ಎಂಬ ಅಮೆರಿಕದ ಸಂಶೋಧಕರು ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ. ಇಳಿದ ಒಂದೊಂದು ಕಿಲೋಗೂ ದೇಹ ದಿನಕ್ಕೆ ಖರ್ಚು ಮಾಡುವುದು ಇಪ್ಪತ್ತು, ಮೂವತ್ತು ಕ್ಯಾಲೊರಿ ಕಡಿಮೆಯಾಗುತ್ತದೆ. ಆದರೆ ಹಸಿವು ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚಾಗುತ್ತದೆ. ನಿನ್ನ 12 ಕಿಲೋಗೆ ಲೆಕ್ಕ ಹಾಕು: ಸಾವಿರಕ್ಕೂ ಮೀರಿದ ಹಸಿವು, ದಿನಾ. ಇದು ಒಂದೆರಡು ತಿಂಗಳಲ್ಲಿ ತಣ್ಣಗಾಗುವುದೂ ಇಲ್ಲ. ತೂಕ ಇಳಿಸಿಕೊಂಡವರ ರಕ್ತವನ್ನು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಒಂದು ವರ್ಷದ ಮೇಲೆ ಮತ್ತೆ ಪರೀಕ್ಷಿಸಿದರು. ಹಸಿವನ್ನು ಎಬ್ಬಿಸುವ ಹಾರ್ಮೋನು ಆಗಲೂ ಮೇಲೆಯೇ ಇತ್ತು, ಸಾಕು ಎನ್ನಿಸುವ ಲೆಪ್ಟಿನ್ ಕೆಳಗೇ ಇತ್ತು. ಬರಗಾಲ ಬಂತೆಂದು ತಿಳಿದು ದೇಹ ಕಣಜ ತುಂಬಿಸಿಕೊಳ್ಳಲು ಹೊರಡುತ್ತದೆ. ನಮ್ಮ ಅಜ್ಜಿ ಮುತ್ತಜ್ಜಿಯರನ್ನು ಬರದಲ್ಲಿ ಉಳಿಸಿದ್ದು ಇದೇ ಗುಣ. ಅದರ ಜೊತೆ ಜಗಳಕ್ಕೆ ನಿಂತರೆ ನೀನು ಸೋಲುತ್ತೀಯ ಮಗಳೇ. ಅದು ಗಾಬರಿಯಾಗದ ಹಾಗೆ ನಡೆದುಕೊಳ್ಳಬೇಕು.

ಇದನ್ನು ನಾನು ಕಲಿತದ್ದು ಎರಡು ಸಲ ನೊಂದ ಮೇಲೆ. 38ನೇ ವಯಸ್ಸಿನಲ್ಲಿ ಒಂದು ಕಡೆ ದುಡ್ಡು ಕಟ್ಟಿ, ಅವರು ಕೊಟ್ಟ ಪುಡಿಯನ್ನು ಎರಡು ಹೊತ್ತು ಕಲಸಿ ಕುಡಿದು ಎರಡು ತಿಂಗಳಲ್ಲಿ 9 ಕಿಲೋ ಇಳಿಸಿದೆ. ಮೊದಲ ವಾರದ ಮೂರು ಕಿಲೋಗೆ ಅವರೇ ಚಪ್ಪಾಳೆ ತಟ್ಟಿದ್ದರು. ಅದರಲ್ಲಿ ಹೆಚ್ಚುಪಾಲು ನೀರೆಂದು ಯಾರೂ ಹೇಳಲಿಲ್ಲ. ನಮ್ಮ ಸ್ನಾಯು, ಯಕೃತ್ತಿನಲ್ಲಿ ಶೇಖರವಾದ ಸಕ್ಕರೆಯ ಅಂಶ ತನ್ನ ಮೂರರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಬಿಟ್ಟ ಮೊದಲ ದಿನಗಳಲ್ಲಿ ಕರಗುವುದು ಅದು. ಪುಡಿ ನಿಲ್ಲಿಸಿದ ವರ್ಷದೊಳಗೆ ಎಲ್ಲವೂ ವಾಪಸು ಬಂತು. ಇನ್ನೊಂದು ಸಲ ಅನ್ನವನ್ನೇ ಮುಟ್ಟುವುದಿಲ್ಲ ಎಂದು ಪಣ ತೊಟ್ಟೆ. ಐದು ತಿಂಗಳು ನಡೆಯಿತು. ಮನೆಯಲ್ಲಿ ನಾಲ್ವರಿಗೆ ಅನ್ನ ಬಸಿದು ನಾನು ಮಾತ್ರ ದೂರ ಕೂರುತ್ತಿದ್ದೆ. ಕೂದಲು ಉದುರಿತು, ಮಕ್ಕಳ ಮೇಲೆ ಸಿಡುಕು ಹೆಚ್ಚಿತು. ಗೌರಿ ಹಬ್ಬದ ದಿನ ಮುರಿದ ಪಣ ಮತ್ತೆ ಕೂಡಲೇ ಇಲ್ಲ.

47ಕ್ಕೆ ರಕ್ತದ ಸಕ್ಕರೆ ಮಧುಮೇಹದ ಗಡಿಗೆ ಬಂದು ನಿಂತಿತು. ಮೂರು ತಿಂಗಳ ಸರಾಸರಿ 6.2. ಆಗ ನೋಡಿದ ವೈದ್ಯೆ ನನಗೆ ಹೇಳಿದ ಮಾತು ಇಂದಿಗೂ ನೆನಪಿದೆ: ಈಗಿನ 78 ಕಿಲೋದಿಂದ 73ಕ್ಕೆ ಬನ್ನಿ, ಅವಸರ ಬೇಡ, ಬಂದ ಮೇಲೆ ನಾಲ್ಕು ತಿಂಗಳು ಅಲ್ಲೇ ನಿಲ್ಲಿ, ಒಂದು ಗ್ರಾಂ ಕೂಡ ಮುಂದೆ ಇಳಿಸಬೇಡಿ. ನಿಲ್ಲುವುದನ್ನೂ ಅಭ್ಯಾಸ ಮಾಡಬೇಕು ಎಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ. 73ಕ್ಕೆ ಎಂಟು ತಿಂಗಳು ಹಿಡಿಯಿತು. ನಿಂತೆ. ಮತ್ತೆ ಸ್ವಲ್ಪ, ಮತ್ತೆ ನಿಂತೆ. ಎರಡು ವರ್ಷಕ್ಕೆ 67. ಹದಿನೈದು ವರ್ಷದಿಂದ ಅದರ ಆಸುಪಾಸಿನಲ್ಲೇ ಇದ್ದೇನೆ. ನನ್ನ ಎತ್ತರಕ್ಕೆ ಪುಸ್ತಕದ ಪ್ರಕಾರ ಇದೂ ಹೆಚ್ಚೇ. ಆದರೆ ಸಕ್ಕರೆ ಗಡಿ ದಾಟಲಿಲ್ಲ, ಮಂಡಿ ನೋವು ತಗ್ಗಿತು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ನನಗೆ ಅಷ್ಟು ಸಾಕು.

ಹೀಗೆ ಸ್ವಲ್ಪಕ್ಕೇ ಬೆಲೆ ಇದೆ ಎನ್ನುವುದು ನನ್ನೊಬ್ಬಳ ಅನುಭವವಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಮೈತೂಕದ ಶೇ 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ಚಟುವಟಿಕೆಯ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹಕ್ಕೆ ತಿರುಗುವ ಸಂಭವ ಶೇ 58ರಷ್ಟು ತಗ್ಗಿತು. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ನಮ್ಮ ಜನರ ಮೇಲೆಯೇ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೂ ಸೋಜಿಗದ ಸಂಗತಿ ಕಂಡಿತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಆ ಸಂಭವ ಶೇ 28ಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ತೂಕದ ಯಂತ್ರದ ಮೇಲೆ ನಿಂತು ಅಳುವಾಗ ಈ ಚೆನ್ನೈನ ಮಾತು ನೆನಪಿಸಿಕೋ. ಮುಳ್ಳು ಅಲುಗಾಡದ ತಿಂಗಳಲ್ಲೂ ಒಳಗೆ ಕೆಲಸ ನಡೆಯುತ್ತಿರುತ್ತದೆ.

ಈಗ ಊಟದ ವಿಷಯ. ನಮ್ಮ ಕಡೆಯ ಊಟ ಮೂರು ಸುತ್ತಿನದು: ಸಾರನ್ನ, ಹುಳಿಯನ್ನ, ಮೊಸರನ್ನ. ಅಂದರೆ ಒಂದು ಹೊತ್ತಿಗೆ ಮೂರು ಸಲ ಅನ್ನ. ಮೂರನ್ನೂ ಬಿಡು ಎಂದರೆ ನಾನು ಐದು ತಿಂಗಳು ಬಾಳಿದೆ. ಮೂರರಲ್ಲಿ ಯಾವುದಿಲ್ಲದಿದ್ದರೆ ಊಟವೇ ಅಲ್ಲ ಅನ್ನಿಸುತ್ತದೆ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡೆ. ನನಗೆ ಅದು ಮೊಸರನ್ನ. ಅದನ್ನು ಇಟ್ಟುಕೊಂಡೆ. ಸಾರನ್ನು ಬಟ್ಟಲಿಗೆ ಹಾಕಿಕೊಂಡು ಮೊದಲೇ ಕುಡಿಯುತ್ತೇನೆ. ಹುಳಿಯ ಹೋಳು, ಬೇಳೆಯನ್ನು ಪಲ್ಯದ ಹಾಗೆ ತಿನ್ನುತ್ತೇನೆ. ನಿನಗೆ ಹುಳಿಯನ್ನವೇ ಪ್ರಾಣ ಎನ್ನುವುದು ಗೊತ್ತು. ಹಾಗಾದರೆ ಅದನ್ನಿಟ್ಟುಕೊಂಡು ಕೊನೆಗೆ ಮಜ್ಜಿಗೆ ಕುಡಿ. ಎಲೆಯ ಮೇಲೆ ಮೊದಲು ಬಡಿಸುವುದೇನು ಗಮನಿಸಿದ್ದೀಯಾ? ಕೋಸಂಬರಿ, ಪಲ್ಯ. ಹಿರಿಯರು ಇಟ್ಟ ಆ ಕ್ರಮ ಚೆನ್ನಾಗಿಯೇ ಇದೆ, ಅವುಗಳ ಅಳತೆ ಮಾತ್ರ ಒಂದು ಚಮಚಕ್ಕೆ ಇಳಿದುಬಿಟ್ಟಿದೆ. ಹೆಸರುಬೇಳೆ ಕೋಸಂಬರಿ ಒಂದು ಬಟ್ಟಲು ತುಂಬ ತಿಂದು ಆಮೇಲೆ ಅನ್ನಕ್ಕೆ ಕೈ ಹಾಕು, ಕೈ ತಾನಾಗಿ ತಡೆಯುತ್ತದೆ. ಮೊಳಕೆ ಕಟ್ಟಿದ ಹುರುಳಿ, ಸೊಪ್ಪಿನ ಬಸ್ಸಾರು, ಅವರೆಕಾಳಿನ ಕಾಲದಲ್ಲಿ ಅವರೆಕಾಳು, ತಿನ್ನುವ ಅಭ್ಯಾಸವಿದ್ದರೆ ಮೊಟ್ಟೆ, ಮೀನು. ಹೊಟ್ಟೆಯನ್ನು ಬಹಳ ಹೊತ್ತು ಸುಮ್ಮನಿರಿಸುವುದು ಇಂಥವು. ರಾಗಿ ಒಳ್ಳೆಯದೇ, ಆದರೆ ಮುದ್ದೆಯ ಗಾತ್ರಕ್ಕೂ ಲೆಕ್ಕವಿದೆ. ರಾಗಿ ಎಂದ ಮಾತ್ರಕ್ಕೆ ಎರಡು ಮುದ್ದೆ ನುಂಗಿದರೆ ಅಕ್ಕಿಯಷ್ಟೇ ಶಕ್ತಿ ಮೈಗೆ ಸೇರುತ್ತದೆ.

ಎಣ್ಣೆಯನ್ನು ಮಾತ್ರ ಅಳೆಯಲೇಬೇಕು. ಒಂದು ಟೀ ಚಮಚ, 5 ಗ್ರಾಂ ಎಣ್ಣೆಗೆ 45 ಕ್ಯಾಲೊರಿ. ಬಾಟಲಿಯಿಂದ ನೇರ ಬಾಣಲೆಗೆ ಸುರಿಯುವ ಕೈಗೆ ಚಮಚದ ಲೆಕ್ಕ ಗೊತ್ತಾಗುವುದಿಲ್ಲ. ತಿಂಗಳ ಮೊದಲ ದಿನ ಮನೆಗೆ ಇಷ್ಟು ಎಂದು ಒಂದು ಡಬ್ಬಿಗೆ ಸುರಿದಿಡು, ಅದು ತಿಂಗಳ ಕೊನೆಯವರೆಗೆ ಬರಬೇಕು. ನಮ್ಮ ಮನೆಯಲ್ಲಿ ನಾಲ್ಕು ಲೀಟರು ಇದ್ದದ್ದು ಎರಡಕ್ಕೆ ಬಂತು, ರುಚಿ ಕೆಟ್ಟಿತೆಂದು ಯಾರೂ ದೂರಲಿಲ್ಲ. ಇನ್ನೊಂದು ಮಾತು ಮನೆ ನಡೆಸುವ ಹೆಣ್ಣುಮಕ್ಕಳಿಗೆ. ಮಗು ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದ ಪಾಯಸ, ಎಸೆದರೆ ಪಾಪ ಎಂದು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ನನಗೂ ಇತ್ತು, ನಿನ್ನಮ್ಮನಿಗೂ ಇದೆ. ಅನ್ನ ಎಸೆಯಬಾರದು, ನಿಜ. ಅದಕ್ಕೆ ಉಪಾಯ ಕಡಿಮೆ ಮಾಡುವುದು, ಕಡಿಮೆ ಬಡಿಸುವುದು. ನಮ್ಮ ಹೊಟ್ಟೆಯನ್ನು ಮುಸುರೆ ಬಾನಿ ಮಾಡಿಕೊಳ್ಳುವುದು ನ್ಯಾಯವಲ್ಲ.

ಏನನ್ನೇ ಶುರುಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೋ. ಇದನ್ನು ಅತ್ತೆ ಮನೆಯಲ್ಲಿ, ಶ್ರಾವಣದಲ್ಲಿ, ಮಗುವಿಗೆ ಜ್ವರ ಬಂದ ವಾರದಲ್ಲಿ ಮಾಡಬಲ್ಲೆನೇ? ಐವತ್ತನೇ ವಯಸ್ಸಿನಲ್ಲೂ ಹೀಗೇ ಇರಬಲ್ಲೆನೇ? ಇಲ್ಲ ಎಂದಾದರೆ ಅದನ್ನು ಶುರುಮಾಡಲೇ ಬೇಡ, ಎಷ್ಟೇ ಬೇಗ ಇಳಿಸಿದರೂ ಸರಿ. ಬಿಟ್ಟ ದಿನವೇ ಅದು ಕೊಟ್ಟದ್ದನ್ನೆಲ್ಲ ವಾಪಸು ಕೇಳುತ್ತದೆ. ಈಗ ಎಲ್ಲರೂ ಮಾತಾಡುವ ಸೆಮಾಗ್ಲುಟೈಡ್ ಚುಚ್ಚುಮದ್ದಿಗೂ ಇದೇ ಅನ್ವಯಿಸುತ್ತದೆ. ಅದರಿಂದ ತೂಕ ಇಳಿಯುವುದು ಸುಳ್ಳಲ್ಲ, ವೈದ್ಯರು ಅಗತ್ಯವೆಂದರೆ ತೆಗೆದುಕೊಳ್ಳುವುದರಲ್ಲಿ ನಾಚಿಕೆಯೂ ಇಲ್ಲ. ಆದರೆ ಅದನ್ನು ನಿಲ್ಲಿಸಿದವರನ್ನು ಗಮನಿಸಿದಾಗ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಹಿಂದಿರುಗಿತ್ತು. ಮದುವೆಗೆ ಮೂರು ತಿಂಗಳಿದೆ ಎಂದು ಚುಚ್ಚಿಸಿಕೊಳ್ಳುವ ವಸ್ತು ಅದಲ್ಲ. ಹಾಗೆಯೇ ಥೈರಾಯಿಡ್, ಪಿಸಿಒಡಿ ಪರೀಕ್ಷೆ ಒಮ್ಮೆ ಮಾಡಿಸಿಕೋ; ಅದಿದ್ದರೆ ಹಾದಿ ನಿಧಾನ, ಅಷ್ಟೇ.

ಅಮೆರಿಕದಲ್ಲಿ 1994ರಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಎಂಬ ಇಬ್ಬರು ಒಂದು ದಾಖಲೆ ಪುಸ್ತಕ ತೆರೆದರು. ಕನಿಷ್ಠ 13.6 ಕಿಲೋ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರು ಅದರಲ್ಲಿ ಹೆಸರು ಬರೆಸಬಹುದು. ಹತ್ತು ಸಾವಿರ ಮೀರಿ ಜನ ಸೇರಿದ್ದಾರೆ. ಗೆದ್ದವರು ಮಾತ್ರ ಇರುವ ಪುಸ್ತಕವಾದ್ದರಿಂದ ಎಷ್ಟು ಜನ ಸೋತರು ಎಂಬುದು ಅದರಿಂದ ಗೊತ್ತಾಗದು. ಆದರೂ ಅವರ ದಿನಚರಿ ನೋಡುವಂಥದ್ದು. ಇಳಿಸಿದ ದಾರಿ ಒಬ್ಬೊಬ್ಬರದು ಒಂದೊಂದು, ಉಳಿಸಿಕೊಂಡ ರೀತಿ ಮಾತ್ರ ಒಂದೇ ತೆರನದು. ಶೇ 78 ಜನ ಬೆಳಗಿನ ತಿಂಡಿ ಬಿಡುವುದಿಲ್ಲ, ಶೇ 75 ಜನ ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ಶೇ 90ರಷ್ಟು ಜನ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದಂಡಿಸುತ್ತಾರೆ. ಎರಡರಿಂದ ಐದು ವರ್ಷ ದಾಟಿದವರಿಗೆ ಮುಂದೆ ಉಳಿಸಿಕೊಳ್ಳುವುದು ಹಗುರವಾಗುತ್ತ ಹೋಗುತ್ತದೆ ಎಂಬುದೂ ಅಲ್ಲಿ ಕಂಡಿದೆ. ನನ್ನ ಅನುಭವವೂ ಅದೇ. ಮೂರನೇ ವರ್ಷದ ಹೊತ್ತಿಗೆ ಬಟ್ಟಲಿನಲ್ಲಿ ಸಾರು ಕುಡಿಯುವುದು ನನ್ನ ವ್ರತವಾಗಿ ಉಳಿಯದೆ ನಮ್ಮ ಮನೆಯ ರೂಢಿಯಾಗಿತ್ತು.

ನಡಿಗೆಯ ಬಗ್ಗೆ ತಪ್ಪು ನಿರೀಕ್ಷೆ ಬೇಡ. ಒಂದು ಗಂಟೆ ನಡೆದರೆ ಖರ್ಚಾಗುವುದು ಇನ್ನೂರು, ಇನ್ನೂರೈವತ್ತು ಕ್ಯಾಲೊರಿ. ಹೋಟೆಲಿನ ಒಂದು ಮಸಾಲೆ ದೋಸೆ ಅದನ್ನು ದಾಟುತ್ತದೆ. ಇಳಿಸುವ ಕೆಲಸ ಹೆಚ್ಚಾಗಿ ತಟ್ಟೆಯದು, ಉಳಿಸುವ ಕೆಲಸ ಹೆಚ್ಚಾಗಿ ಕಾಲಿನದು. ಜೊತೆಗೆ ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ನೀರಿನ ಬಾಟಲಿ ಹಿಡಿದು ತೋಳೆತ್ತುವುದು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದು ಹೋಗದ ಹಾಗೆ ಹಿಡಿದಿಡುವುದು ಇಂಥ ಕೆಲಸ. ರಾತ್ರಿ ಎರಡರವರೆಗೆ ನಡೆಯುವ ನಿನ್ನ ಆಫೀಸಿನ ಕರೆಗಳನ್ನು ವಾರಕ್ಕೆ ಎರಡು ದಿನಕ್ಕಾದರೂ ಇಳಿಸಲಾಗುತ್ತದೆಯೇ ಕೇಳು. ನಿದ್ದೆಗೆಟ್ಟ ಮರುದಿನ ಹಸಿವು ಎಂಥದ್ದು ಎಂದು ನಿನಗೇ ಗೊತ್ತಿದೆ.

ತೂಕ ನೋಡುವುದಕ್ಕೆ ನನ್ನದೊಂದು ಕ್ರಮವಿದೆ. ಶುಕ್ರವಾರ ಬೆಳಿಗ್ಗೆ ಸ್ನಾನಕ್ಕೆ ಮುಂಚೆ, ಕ್ಯಾಲೆಂಡರಿನ ಮೂಲೆಯಲ್ಲಿ ಬರೆಯುತ್ತೇನೆ. ಹಬ್ಬದ ಮರುದಿನ ನೋಡುವುದಿಲ್ಲ. ಆಗ ಏರಿದ ಒಂದು ಕಿಲೋ ಬಹುಪಾಲು ಉಪ್ಪು ಮತ್ತು ನೀರು. 69 ದಾಟಿದರೆ ಮಾತ್ರ ರಾತ್ರಿಯ ಅನ್ನವನ್ನು ಅರ್ಧಕ್ಕೆ ಇಳಿಸಿ, ಸಂಜೆ ಇನ್ನೊಂದು ಸುತ್ತು ನಡೆಯುತ್ತೇನೆ. ಈ ಹದಿನೈದು ವರ್ಷದಲ್ಲಿ ಅದು ದಾಟಿದ್ದು ಒಂದೆರಡು ಸಲ ಅಲ್ಲ. ನಿಮ್ಮ ದೊಡ್ಡಪ್ಪ ಆಸ್ಪತ್ರೆಯಲ್ಲಿದ್ದ ವರ್ಷ 72ಕ್ಕೆ ಹೋಗಿತ್ತು. ಆಗ ನನ್ನನ್ನು ನಾನು ಬೈದುಕೊಳ್ಳಲಿಲ್ಲ. ಅವರು ಮನೆಗೆ ಬಂದು ಚೇತರಿಸಿಕೊಂಡ ಮೇಲೆ, ಬಟ್ಟಲಿಗೆ ಮತ್ತೆ ಸಾರು ಹಾಕಿಕೊಂಡೆ.

ಯುಗಾದಿಗೆ ಇಬ್ಬರೂ ಬನ್ನಿ. ಬರುವಾಗ ನಡೆಯುವ ಚಪ್ಪಲಿಯೋ ಶೂವೋ ತಾ, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗೋಣ. ಒಂದು ಸುತ್ತಿಗೆ ನನಗೆ ಐವತ್ತು ನಿಮಿಷ ಬೇಕು, ನೀನು ನನಗಾಗಿ ನಿಧಾನ ನಡೆದರೆ ಸಾಕು. ಮಧ್ಯಾಹ್ನ ನಿನಗೆ ನನ್ನ ಪಕ್ಕದಲ್ಲೇ ಎಲೆ ಹಾಕುತ್ತೇನೆ. ಕೋಸಂಬರಿ ಬಟ್ಟಲು ತುಂಬ ಇರುತ್ತದೆ, ಒಬ್ಬಟ್ಟು ಒಂದು, ಅದರ ಮೇಲೆ ತುಪ್ಪ. ಈ ಸಲ ಹಿತ್ತಲಿಗೆ ಹೋಗಬೇಡ.

ನಿನ್ನ
ದೊಡ್ಡಮ್ಮ